ಎಲೈಜಾಳ ಪಕ್ಕದ ಜಾಗ

ಮೊನ್ನೆ ಫ್ಯಾನಿನ ರೆಕ್ಕೆ ಒರೆಸಲೆಂದು ನಮ್ಮ ಮನೆಯವರು ಒಂದು ಹಳೆಯ ಟೊಪ್ಪಿಗೆ ಹಾಕಿಕೊಂಡು ಸ್ಟೂಲು ಹತ್ತಿದರು. ತಲೆಗೆ ಧೂಳು ಬೀಳಬಾರದೆಂಬ ಮುಂಜಾಗ್ರತೆ. ಧೂಳು ಬಿದ್ದು ಕೆಡುವಂಥ ಕೂದಲೇನೂ ಅಲ್ಲಿ ಉಳಿದಿಲ್ಲ, ಆ ಮಾತು ಬೇರೆ. ಟೊಪ್ಪಿಗೆ ಹಳದಿ, ಅಂಚು ಕೆಂಪು, ಹಣೆಯ ಮೇಲೆ ದಪ್ಪ ಅಕ್ಷರದಲ್ಲಿ 'ಪರಂಪರೆ ನಡುಕ' ಎಂದು ಬರೆದಿದೆ. ಅದು ನಡಿಗೆ ಆಗಬೇಕಿತ್ತು. ವಿಶಾಖಪಟ್ಟಣದ ಮುದ್ರಣದ ಅಂಗಡಿಯವನಿಗೆ ಕನ್ನಡ ಬಾರದು. ಕರಡು ನೋಡಿದ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ಆ ದಿನ ಕನ್ನಡಕ ಮರೆತಿದ್ದರು. ಹೀಗಾಗಿ ಮೂವತ್ತೊಂದು ಜನ ಕನ್ನಡಿಗರು ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ನಡುಕವನ್ನು ತಲೆಯ ಮೇಲೆ ಹೊತ್ತು ಹಳೇ ಊರಿನ ಮೂರು ಚರ್ಚುಗಳ ನಡುವೆ ನಡೆದೆವು. ಮುಂದೆ ನಿಂತು ದಾರಿ ತೋರಿಸಿದವಳು ನಾನು. ಆ ನಡಿಗೆಯ ದೂರ ಒಂದೂವರೆ ಕಿಲೋಮೀಟರು ಕೂಡ ಇಲ್ಲ. ಆದರೆ ಅಲ್ಲಿಂದ ವಾಪಸು ಬರಲು ನನಗೆ ಮೂರು ತಿಂಗಳು ಹಿಡಿಯಿತು.

ನಾನು ಬ್ಯಾಂಕಿನವಳು. ಗದಗಿನಿಂದ ಹೊರಟು, ವಿಜಯವಾಡದ ಬಿಸಿಲಿನಲ್ಲಿ ಆರು ವರ್ಷ ಬೆಂದು, ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು ನಾಲ್ಕು ವರ್ಷವಾಯಿತು. ಪೆಂಡುರ್ತಿಯಲ್ಲಿ ಬಾಡಿಗೆ ಮನೆ. ನಮ್ಮ ಮನೆಯವರು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು, ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡು ನನ್ನ ವರ್ಗಾವಣೆಯ ಹಿಂದೆಯೇ ಬಂದುಬಿಟ್ಟರು. ಈಗ ಜೋಳದ ರೊಟ್ಟಿಯನ್ನು ನನಗಿಂತ ತೆಳ್ಳಗೆ ಬಡಿಯುತ್ತಾರೆ. ಈ ಸಂಗತಿಯನ್ನು ನೀವು ಊರಿನಲ್ಲಿರುವ ನನ್ನ ಅತ್ತೆಯ ಕಿವಿಗೆ ಹಾಕಬಾರದು. ಹತ್ತು ವರ್ಷದ ತೆಲುಗಿನ ಸಹವಾಸದಿಂದ ನನ್ನ ನಾಲಿಗೆ ಎಷ್ಟು ಕೆಟ್ಟಿದೆಯೆಂದರೆ, ಒಮ್ಮೆ ಫೋನಿನಲ್ಲಿ ಅವ್ವನಿಗೆ 'ಊಟ ಆತೇನ ಅಂಡಿ' ಎಂದು ತೆಲುಗಿನ 'ರೀ' ಹಚ್ಚಿ ಕೇಳಿದ್ದೆ. ಅವ್ವ, ಯಾರು ಮಾತಾಡುವುದು ಎಂದು ವಿಚಾರಿಸಿದಳು.

ನಮ್ಮ ಕನ್ನಡ ಬಳಗದ್ದು ನಲವತ್ತು ಮನೆ. ಬ್ಯಾಂಕಿನವರು, ಔಷಧ ಕಂಪನಿಯವರು, ಆಸ್ಪತ್ರೆಯವರು, ಎರಡು ವರ್ಷಕ್ಕೆಂದು ಬಂದು ಹೋಗುವ ಸಾಫ್ಟ್‌ವೇರ್ ಹುಡುಗರು. ಪ್ರತಿ ನವೆಂಬರಿನಲ್ಲಿ ನಾವು ಒಂದೆಡೆ ಸೇರಿ ತಾಯಿ ಭುವನೇಶ್ವರಿಗೆ ಹಾರ ಹಾಕಿ, ನಮ್ಮ ಮಕ್ಕಳು ತೆಲುಗು ರಾಗದಲ್ಲಿ ಹಾಡುವ ಕನ್ನಡ ಹಾಡು ಕೇಳಿ, ಕಣ್ಣು ಒದ್ದೆ ಮಾಡಿಕೊಂಡು ಬಿಸಿಬೇಳೆಭಾತ್ ತಿಂದು ಚದುರುತ್ತೇವೆ. ಕಣ್ಣು ಒದ್ದೆಯಾಗುವುದು ಹಾಡಿನಿಂದಲೋ ಭಾತಿನ ಖಾರದಿಂದಲೋ ಇನ್ನೂ ತೀರ್ಮಾನವಾಗಿಲ್ಲ. ಹೋದ ವರ್ಷ ಅಧ್ಯಕ್ಷರಾದವರು ದಾವಣಗೆರೆಯ ಮಂಜುನಾಥ್, ಔಷಧ ಕಂಪನಿಯ ಮ್ಯಾನೇಜರು. ಅವರು ಕಂಪನಿ ಕೆಲಸದ ಮೇಲೆ ಮೆಕ್ಸಿಕೋ ದೇಶಕ್ಕೆ ಹೋಗಿ ಬಂದವರು. ಅಲ್ಲಿ ಯಾವುದೋ ಊರಿನಲ್ಲಿ ಒಂದು ಹಳೆಯ ಚರ್ಚಿನಿಂದ ಇನ್ನೊಂದು ಹಳೆಯ ಚರ್ಚಿಗೆ ಅವರನ್ನು ನಡೆಸಿಕೊಂಡು ಹೋದರಂತೆ. ನಡುವಿನ ದೂರ ಎರಡು ಬೀದಿ, ಹಿಡಿದ ಹೊತ್ತು ಅರ್ಧ ದಿನ. ಒಂದೊಂದು ಕಲ್ಲಿನ ಮುಂದೆಯೂ ನಿಲ್ಲಿಸಿ ಒಂದೊಂದು ಕತೆ. ಊರಿನ ಹೆಸರು ಮಾತ್ರ ಅವರಿಗೆ ನೆನಪಿರಲಿಲ್ಲ. 'ಪ'ದಿಂದ ಶುರುವಾಗುತ್ತದೆ ಎನ್ನುತ್ತಿದ್ದರು. ಪೆಂಡುರ್ತಿಯೂ 'ಪ'ದಿಂದಲೇ ಶುರುವಾಗುತ್ತದೆಂದು ನಾವು ಸಮಾಧಾನ ಹೇಳಿದೆವು. ಮೆಕ್ಸಿಕೋದವರಿಗೆ ಇರುವ ಇತಿಹಾಸ ಪ್ರಜ್ಞೆ ಕನ್ನಡಿಗರಿಗೆ ಇಲ್ಲವೇ ಎಂದು ಅವರು ಸಭೆಯಲ್ಲಿ ಕೇಳಿದರು. ಇದೆ ಎಂದು ಎಲ್ಲರೂ ಕೈ ಎತ್ತಿದೆವು. ನಡಿಗೆ ನಿಶ್ಚಯವಾಯಿತು.

ದಾರಿ ತೋರಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನನ್ನ ತವರು ಲಕ್ಕುಂಡಿ ಎಂದು ನಾನು ಯಾವಾಗಲೋ ಊಟದ ಸಾಲಿನಲ್ಲಿ ಹೇಳಿದ್ದೆ. ನೂರೊಂದು ಗುಡಿ, ನೂರೊಂದು ಬಾವಿಯ ಊರಿನವಳಿಗೆ ಇತಿಹಾಸ ಬಾರದಿರಲು ಸಾಧ್ಯವೇ ಎಂಬುದು ಅವರ ತರ್ಕ. ಸಮುದ್ರದ ದಂಡೆಯವರೆಲ್ಲ ಈಜುತ್ತಾರೆ ಎಂದ ಹಾಗೆ.

ಲಕ್ಕುಂಡಿಯಲ್ಲಿ ನಾನು ಕಲಿತದ್ದು ಇತಿಹಾಸವಲ್ಲ, ಬೇರೆಯದೇ ವಿದ್ಯೆ. ನನ್ನ ಸೋದರಮಾವ ಬಸಪ್ಪ ಅಲ್ಲಿ ದರ್ಜಿ. ಗುಡಿಯ ಎದುರಿಗೇ ಅವನ ಅಂಗಡಿ. ಪರ ಊರಿನ ಕಾರು ಬಂದು ನಿಂತರೆ ಸಾಕು, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಎದ್ದು ಹೋಗುತ್ತಿದ್ದ. ರಜೆಯಲ್ಲಿ ನಾನು ಪರಕಾರದ ಜೇಬಿನ ತುಂಬ ಹುರಿದ ಶೇಂಗಾ ತುಂಬಿಕೊಂಡು ಅವನ ಬೆನ್ನು ಹತ್ತುತ್ತಿದ್ದೆ. ಮಾವ ಟೇಪಿನಿಂದ ಮೂರ್ತಿಯ ಸೊಂಟ ಅಳೆದು ತೋರಿಸಿ, ಇದನ್ನು ಕೆತ್ತಿದವನ ಹೆಂಡತಿಯ ಸೊಂಟವೂ ಇಷ್ಟೇ ಇತ್ತು ಎನ್ನುತ್ತಿದ್ದ. ತಲೆಯಿಲ್ಲದ ಮೂರ್ತಿಗೆ ಒಂದು ಕತೆ, ಕೈಯಿಲ್ಲದ್ದಕ್ಕೆ ಇನ್ನೊಂದು. ಅದೇ ಮೂರ್ತಿಗೆ ಸೋಮವಾರ ಹೇಳಿದ ಕತೆ ಬುಧವಾರ ಇರುತ್ತಿರಲಿಲ್ಲ. ಒಮ್ಮೆ ಧಾರವಾಡ ಕಡೆಯ ಪ್ರಾಧ್ಯಾಪಕರೊಬ್ಬರು ಶಾಸನದಲ್ಲಿ ಹಾಗಿಲ್ಲವಲ್ಲ ಎಂದು ತಡೆದರು. ಮಾವ ಬೇಸರಪಟ್ಟುಕೊಳ್ಳಲಿಲ್ಲ. ಶಾಸನ ಬರೆದವರು ಅವತ್ತು ಅವಸರದಲ್ಲಿದ್ದರು ಎಂದ. ಅವನು ಯಾರಿಂದಲೂ ಒಂದು ಚಹಾ ಸಹ ಕುಡಿಯುತ್ತಿರಲಿಲ್ಲ. ಕೇಳುವವರು ಬಾಯಿ ತೆರೆದು ನಿಂತರೆ ಅದೇ ಅವನ ಸಂಭಾವನೆ. ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಪೈಸೆಗೆ ಪೈಸೆ ತಾಳೆ ನೋಡಿದ ಮೇಲೆ ಆ ರಕ್ತ ನನ್ನಲ್ಲಿ ಬತ್ತಿಹೋಗಿದೆ ಎಂದುಕೊಂಡಿದ್ದೆ.

ಹಾಗೆಂದು ನಾನು ತಯಾರಿಯಿಲ್ಲದೆ ಹೋಗಲಿಲ್ಲ. ಚರ್ಚುಗಳ ಬಗ್ಗೆ ನನಗಿದ್ದ ಅನುಭವ ವಿಜಯವಾಡದ್ದು. ಸಹೋದ್ಯೋಗಿಯೊಬ್ಬಳ ಜೊತೆ ಗುಣದಲ ಗುಡ್ಡ ಹತ್ತಿ, ಅಲ್ಲಿ ಮಾತೆಯ ಮುಂದೆ ತೆಂಗಿನಕಾಯಿ ಒಡೆಯುವುದನ್ನೂ ಮುಡಿ ಕೊಡುವುದನ್ನೂ ಕಂಡು, ಇದು ನಮ್ಮ ಗುಡ್ಡದ ಗುಡಿಯೇ ಸರಿ ಎಂದು ಧೈರ್ಯದಿಂದ ಕೈಮುಗಿದು ಬಂದಿದ್ದೆ. ವಿಶಾಖಪಟ್ಟಣದ ಚರ್ಚುಗಳ ಬಗ್ಗೆ ಮೊಬೈಲಿನಲ್ಲಿ ಹುಡುಕಿ ಎರಡು ಸಂಗತಿ ಗುರುತು ಹಾಕಿಕೊಂಡೆ. ಒಂದು, ಇವು ಬಹಳ ಹಳೆಯವು. ಎರಡು, ಕಟ್ಟಿದವರು ಹೊರಗಿನಿಂದ ಬಂದವರು. ಮೊದಲ ಚರ್ಚಿನ ಮುಂದೆ ನಿಂತು ಎರಡನ್ನೂ ಹೇಳಿಬಿಟ್ಟೆ. ನಾಲ್ಕು ನಿಮಿಷ ಹಿಡಿಯಿತು. ಒಳಗೆ ಪ್ರಾರ್ಥನೆ ನಡೆಯುತ್ತಿದ್ದರಿಂದ ನಮ್ಮನ್ನು ಗೇಟಿನ ಹೊರಗೇ ನಿಲ್ಲಿಸಿದ್ದರು. ನಾವು ಗೇಟಿನ ಫೋಟೋ ತೆಗೆದುಕೊಂಡು ಮುಂದೆ ಸಾಗಿದೆವು.

ಎರಡನೆಯದು ಹಿಂದೆ ಸಿಪಾಯಿಗಳಿದ್ದ ಕೇರಿಯ ಒಳಗಿನ ಸಣ್ಣ ಚರ್ಚು. ಅದರ ಬೆನ್ನಿಗೆ ಹಳೆಯ ಸಮಾಧಿಗಳ ಅಂಗಳ. ಮೂರನೆಯದು ಗುಡ್ಡದ ಮೇಲೆ, ಬಂದರಿನ ಕಾಲುವೆಗೆ ಮುಖಮಾಡಿ ನಿಂತದ್ದು. ಅದರ ಸಾಲಿನಲ್ಲೇ ಒಂದು ಗುಡ್ಡಕ್ಕೆ ದರ್ಗಾ, ಇನ್ನೊಂದಕ್ಕೆ ವೆಂಕಟೇಶ್ವರ. ಗುಡ್ಡದ ಬುಡದಲ್ಲಿ ನಮಗೆ ಇಡ್ಲಿ ವಡೆ ಕಾದಿರಬೇಕಿತ್ತು. ಸಮಾಧಿಗಳ ಅಂಗಳಕ್ಕೆ ಬಂದಾಗ ಮಂಜುನಾಥ್ ನನ್ನ ಕಿವಿಯ ಹತ್ತಿರ ಬಂದರು.

"ಮೇಡಂ, ಟಿಫನ್ ಗಾಡಿ ಇನ್ನೂ ಗಾಜುವಾಕದಾಗೆ ಐತಂತ್ರಿ. ಇಪ್ಪತ್ತು ನಿಮಿಷ ಏನಾದ್ರೂ ಹೇಳ್ತಾ ಇರ್ರಿ."

ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಎದುರಿಗೆ ಮೂವತ್ತು ಹಸಿದ ಮುಖಗಳು. ಕಾಲಬುಡದಲ್ಲಿ ಒಂದು ಚಪ್ಪಟೆ ಕಲ್ಲು. ಅಕ್ಷರಗಳೆಲ್ಲ ಸವೆದು, ಎಲೈಜಾ ಎಂಬ ಒಂದು ಹೆಸರೂ ಕೆಳಗೆ ಒಂದು ಲಂಗರಿನ ಚಿತ್ರವೂ ಮಾತ್ರ ಉಳಿದಿದ್ದವು. ಅದರ ಪಕ್ಕ ಒಂದಾಳು ಮಲಗುವಷ್ಟು ಖಾಲಿ ಜಾಗ, ಅದರ ತಲೆದೆಸೆಗೆ ಒಂದು ದಾಸವಾಳದ ಗಿಡ. ನಾನು ಕಲ್ಲನ್ನು ನೋಡಿದೆ. ಬಸಪ್ಪ ಮಾವ ನನ್ನ ಗಂಟಲಲ್ಲಿ ಬಂದು ಕುಳಿತ.

ಎಲೈಜಾ ಹಡಗಿನ ಕಪ್ತಾನನ ಹೆಂಡತಿ ಎಂದೆ. ಗಂಡ ಸಮುದ್ರಕ್ಕೆ ಹೋದಾಗಲೆಲ್ಲ ಗುಡ್ಡದ ಮೇಲೆ ದೀಪ ಹಿಡಿದು ಕಾಯುತ್ತಿದ್ದಳು ಎಂದೆ. ಅವಳು ತೀರಿಕೊಂಡ ಮೇಲೆ ಕಪ್ತಾನ ದಿನಾ ಬಂದು ಕಲ್ಲನ್ನು ಸವರಿ ಸವರಿ ಅಕ್ಷರ ಸವೆದವು ಎಂದೆ. ಹೆಂಗಸರ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸಾಫ್ಟ್‌ವೇರ್ ಹುಡುಗನೊಬ್ಬ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದವನು, ಇದರಲ್ಲಿ ಕನ್ನಡದ್ದು ಏನು ಬಂತು ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಕನ್ನಡ ಬಳಗದ ಇತಿಹಾಸದಲ್ಲಿ ಕನ್ನಡ ಇಲ್ಲದಿದ್ದರೆ ಹೇಗೆ? ಎಲೈಜಾಳಿಗೆ ಒಬ್ಬಳು ಆಯಾ ಇದ್ದಳು, ಧಾರವಾಡ ಸೀಮೆಯ ಗಂಗವ್ವ ಎಂದೆ. ಒಂಟಿ ಹೆಣ್ಣಿಗೆ ಕನ್ನಡ ಕಲಿಸಿದಳು, ಶೇಂಗಾ ಹೋಳಿಗೆ ಮಾಡಿ ತಿನ್ನಿಸಿದಳು. ಹೋಳಿಗೆಯ ಮಾತು ಬಂದಾಗ ಇಡೀ ಗುಂಪು ಒಮ್ಮೆ ಉಗುಳು ನುಂಗಿತು. ಎಲೈಜಾ ಸತ್ತ ಮೇಲೆ ಊರಿಗೆ ಹೋಗದೆ ಇಲ್ಲೇ ಉಳಿದ ಗಂಗವ್ವ ಕೊನೆಗೆ ಆಕೆಯ ಪಕ್ಕದಲ್ಲೇ ಮಲಗಿದಳು ಎಂದು ಹೇಳಿ, ಕೈ ಚಾಚಿ ತೋರಿಸಿದೆ. ಅಲ್ಲಿ, ಆ ದಾಸವಾಳದ ಕೆಳಗೆ.

ಹಡಗೂ ಇಲ್ಲ, ಕಪ್ತಾನನೂ ಇಲ್ಲ, ಗಂಗವ್ವನಂತೂ ಇಲ್ಲವೇ ಇಲ್ಲ. ಆದರೆ ಜನ ಅಳುತ್ತಿದ್ದರು. ಭುವನೇಶ್ವರಿಯ ಪಟಕ್ಕೆಂದು ತಂದಿದ್ದ ಸೇವಂತಿಗೆ ಹಾರವನ್ನು ಮಂಜುನಾಥ್ ದಾಸವಾಳದ ಗಿಡಕ್ಕೆ ಹಾಕಿದರು. ಬೇಲಿಯ ಬಳಿ ಕಸಬರಿಗೆ ಹಿಡಿದು ನಿಂತಿದ್ದ, ಅರವತ್ತು ದಾಟಿದ ಒಬ್ಬ ಹೆಂಗಸು ಇದನ್ನೆಲ್ಲ ನೋಡುತ್ತಿದ್ದಳು. ಆ ಅಂಗಳದ ಬೀಗದ ಕೈ ಅವಳ ಹತ್ತಿರ ಇರುತ್ತದೆ, ಹೆಸರು ಕರುಣಮ್ಮ ಎಂದು ಆಮೇಲೆ ತಿಳಿಯಿತು. ನಾವು ಹೊರಡುವಾಗ ಏನು ಹೇಳಿದಿರಿ ಎಂದು ತೆಲುಗಿನಲ್ಲಿ ಕೇಳಿದಳು. ಹಳೆಯ ಕಾಲದ ವಿಷಯ ಎಂದಷ್ಟೇ ಹೇಳಿ ಇಡ್ಲಿಯ ದಿಕ್ಕಿಗೆ ಓಡಿದೆ.

ಆ ವಿಡಿಯೋ ಮುಂದಿನ ವಾರದೊಳಗೆ ಎಲ್ಲೆಲ್ಲಿಗೋ ಹೋಯಿತು. ಗದಗಿನ ನನ್ನ ನಾದಿನಿಗೂ ತಲುಪಿತು. ಅವಳು ಅದನ್ನು ನನಗೇ ಕಳಿಸಿ, ಈ ಹೆಂಗಸು ಥೇಟ್ ನಿನ್ನ ಹಾಗೇ ಇದ್ದಾಳೆ ನೋಡು ಎಂದು ಬರೆದಳು. ಭಾನುವಾರ ಭಾನುವಾರ ಕನ್ನಡ ಹುಡುಗರು ಸಮಾಧಿ ನೋಡಲು ಹೋಗತೊಡಗಿದರು. ಬಳಗದ ಸಭೆಯಲ್ಲಿ ಗಂಗವ್ವನಿಗೆ ಒಂದು ಸ್ಮಾರಕ ಆಗಬೇಕೆಂದು ಠರಾವು ಪಾಸಾಯಿತು. ಫೆಬ್ರವರಿಯಲ್ಲಿ ಅದರ ಅನಾವರಣಕ್ಕೆ ಊರ ಕಡೆಯಿಂದ ಮುಖ್ಯ ಅತಿಥಿಗಳನ್ನು ಕರೆಸುವುದೆಂದೂ ಗೊತ್ತಾಯಿತು. ಕಲ್ಲು ಇಳಕಲ್ಲಿನದೇ ಆಗಬೇಕು, ಬೇರೆ ಕಲ್ಲಿಗೆ ಕನ್ನಡದ ಗುಣ ಬರುವುದಿಲ್ಲ ಎಂದು ತೀರ್ಮಾನವಾಯಿತು. ಎಳೆಯ ಗುಲಾಬಿ ಬಣ್ಣದ ಚಪ್ಪಡಿಯ ಮೇಲೆ 'ಕನ್ನಡತಿ ಗಂಗವ್ವ' ಎಂದು ಅಲ್ಲೇ ಕೆತ್ತಿಸಿ ಲಾರಿಗೆ ಹಾಕಿ ಕಳಿಸಿದರು. ಅದು ಬಂದು ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ನನ್ನ ಸ್ಕೂಟರಿನ ಪಕ್ಕ ಗೋಡೆಗೆ ಒರಗಿ ನಿಂತಿತು. ದಿನಾ ಬೆಳಿಗ್ಗೆ ಬ್ಯಾಂಕಿಗೆ ಹೊರಡುವಾಗ ಗಂಗವ್ವ ನನ್ನನ್ನು ನೋಡುತ್ತಿದ್ದಳು.

ಯಾಕೆ ನಾನು ಆಗಲೇ ಬಾಯಿ ಬಿಡಲಿಲ್ಲ ಎಂದು ನೀವು ಕೇಳಬಹುದು. ಠರಾವು ಮಂಡಿಸಿದಾಗ ನನಗೆ ಶಾಲು ಹೊದಿಸಿದ್ದರು. ಶಾಲು ಹೊದ್ದವರಿಗೆ ನಾಲಿಗೆ ತಿರುಗುವುದು ಕಷ್ಟ.

ಜನವರಿಯ ಒಂದು ಸಂಜೆ, ಕಲ್ಲು ಕೂರಿಸುವ ಜಾಗದ ಅಳತೆ ತೆಗೆಯಲೆಂದು ನಾನೂ ನಮ್ಮ ಮನೆಯವರೂ ಅಂಗಳಕ್ಕೆ ಹೋದೆವು. ಅವರು ಟೇಪಿನ ಒಂದು ತುದಿ ಹಿಡಿದು ದಾಸವಾಳದ ಬಳಿ ಕೂತಿದ್ದರು, ನಾನು ಇನ್ನೊಂದು ತುದಿ. ಕರುಣಮ್ಮ ಬಂದು ನೋಡಿ, ಏನು ಅಳೆಯುತ್ತಿದ್ದೀರಿ ಎಂದು ಕೇಳಿದಳು. ಕಲ್ಲು ಹಾಕುವುದಿದೆ, ಇಲ್ಲಿ ನಮ್ಮ ಕಡೆಯವಳೊಬ್ಬಳು ಇದ್ದಾಳೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಯಾರು ಎಂದಳು. ನಾನು ಗಂಗವ್ವನ ಹೆಸರು ಹೇಳಿದೆ.

"ಅಕ್ಕಡ ಮಾ ಅಮ್ಮ ಉಂದಂಡಿ" ಎಂದಳು ಕರುಣಮ್ಮ. ಅಲ್ಲಿರುವುದು ನಮ್ಮಮ್ಮ.

ಜಗಳದ ದನಿಯಲ್ಲ. ಬ್ಯಾಂಕಿನಲ್ಲಿ ಯಾರಾದರೂ ತಪ್ಪು ಸಾಲಿನಲ್ಲಿ ನಿಂತಿದ್ದರೆ ನಾವು ಹೇಳುತ್ತೇವಲ್ಲ, ಅಂಥ ದನಿ. ತಾಯಿಯ ಹೆಸರು ಸುಂದರಮ್ಮ. ನಲವತ್ತು ವರ್ಷ ಇದೇ ಅಂಗಳ ಗುಡಿಸಿದವಳು. ಸತ್ತಾಗ ಆಗಿನ ಪಾದ್ರಿಗಳು, ಇಲ್ಲಿಯವರು ಅಯ್ಯಗಾರು ಎನ್ನುತ್ತಾರೆ, ಆಕೆಗೆ ಇಲ್ಲೇ ಜಾಗ ಕೊಟ್ಟರು. ಕಲ್ಲು ಹಾಕಿಸಲು ಆಗಲಿಲ್ಲ, ಗುರುತಿಗೆಂದು ಮಗಳು ದಾಸವಾಳ ನೆಟ್ಟಳು. ನವೆಂಬರಿನಿಂದ ಪ್ರತಿ ವಾರ ಯಾರ್ಯಾರೋ ಚೆನ್ನಾಗಿ ಉಡುಗೆ ತೊಟ್ಟ ಜನ ಬಂದು ಅಮ್ಮನಿಗೆ ಹೂ ಇಟ್ಟು ಹೋಗುತ್ತಾರೆ, ಯಾಕೆಂದು ತನಗೆ ತಿಳಿಯಲಿಲ್ಲ, ಕೇಳಿದರೆ ನಿಲ್ಲಿಸಿಬಿಡುತ್ತಾರೇನೋ ಎಂದು ಕೇಳಲಿಲ್ಲ ಎಂದಳು.

ನನ್ನ ಕೈಯಿಂದ ಟೇಪು ಜಾರಿ ಸರ್ರನೆ ಸುತ್ತಿಕೊಂಡು ನಮ್ಮ ಮನೆಯವರ ಬೆರಳಿಗೆ ಬಡಿಯಿತು. ಅವರು ಅದನ್ನು ಜೇಬಿಗೆ ಹಾಕಿಕೊಂಡು ಎದ್ದರು. ಮನೆಗೆ ಬಂದು ಒಲೆ ಹೊತ್ತಿಸಿದರು. ರೊಟ್ಟಿ ತಟ್ಟೆಗೆ ಬಿದ್ದರೂ ನಾನು ಮುರಿಯದೆ ಕೂತಿದ್ದೆ. ಒಲೆಯ ಕಡೆ ಮುಖಮಾಡಿಕೊಂಡೇ ಅವರು ಹೇಳಿದರು.

"ಸುಳ್ಳು ಎಲ್ಲಾರೂ ಹೇಳ್ತೀವಿ. ನೀ ಹೇಳಿದ್ದು ಚಲೋನ ಇತ್ತು, ನಾನೂ ಅತ್ತೇನಿ. ಆದ್ರ ಒಬ್ಬರ ಅವ್ವನ ಮ್ಯಾಲ ನಿನ್ನ ಸುಳ್ಳಿನ ಕಲ್ಲ ಇಡಬ್ಯಾಡ."

ಮರುದಿನ ಮಂಜುನಾಥರ ಮನೆಯಲ್ಲಿ ಕಾರ್ಯಕಾರಿ ಸಮಿತಿ ಸೇರಿತು. ನಾನು ಎಲ್ಲವನ್ನೂ ಹೇಳಿದೆ. ಗಂಗವ್ವ ಇರಲಿಲ್ಲ, ಟಿಫನ್ ಗಾಡಿ ತಡವಾದ್ದರಿಂದ ಹುಟ್ಟಿದಳು ಎಂದೆ. ನನ್ನನ್ನು ಬಯ್ಯುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ನನ್ನನ್ನು ಸಮಾಧಾನಪಡಿಸತೊಡಗಿದರು. ಖಜಾಂಚಿ, ನಿಮಗೆ ಕೆಲಸದ ಒತ್ತಡ ಹೆಚ್ಚಾಗಿದೆ ಎಂದರು. ಆಸ್ಪತ್ರೆಯ ಒಬ್ಬ ಸದಸ್ಯರು ನಿದ್ದೆ ಸರಿಯಾಗಿ ಬರುತ್ತಿದೆಯೇ ಎಂದು ವಿಚಾರಿಸಿದರು. ಕಾರ್ಯದರ್ಶಿಗಳು, ಈಗ ಕನ್ನಡಕ ಹಾಕಿಕೊಂಡಿದ್ದವರು, ಒಬ್ಬ ಕನ್ನಡತಿಯ ತ್ಯಾಗವನ್ನು ಇನ್ನೊಬ್ಬ ಕನ್ನಡತಿಯೇ ಅಲ್ಲಗಳೆಯುವುದು ನಮ್ಮ ಜನರ ಹಳೆಯ ರೋಗ ಎಂದರು. ಮಂಜುನಾಥ್ ಮಾತ್ರ ವ್ಯವಹಾರಸ್ಥರ ಹಾಗೆ ಕೇಳಿದರು.

"ಗಂಗವ್ವ ಇರ್ಲಿಲ್ಲ ಅನ್ನಾಕೆ ನಿಮ್ಮತ್ರ ದಾಖಲೆ ಏನೈತ್ರಿ, ಮೇಡಂ?"

ಇಪ್ಪತ್ತೆಂಟು ವರ್ಷ ಜನರ ಮುಖದ ಮೇಲೆ ಇದೇ ಪ್ರಶ್ನೆ ಎಸೆದವಳು ನಾನು. ಬದುಕಿ ಎದುರಿಗೆ ನಿಂತ ಪಿಂಚಣಿದಾರರನ್ನು, ಬದುಕಿದ್ದೀರಿ ಎನ್ನಲು ದಾಖಲೆ ಏನು ಎಂದು ಕೇಳಿದ ಬಾಯಿ ನನ್ನದು. ಅವರೆಲ್ಲರೂ ಅವತ್ತು ಮಂಜುನಾಥರ ಸೋಫಾದ ಹಿಂದೆ ಬಂದು ನಿಂತಂತಾಯಿತು. ದಾಖಲೆ ಇಲ್ಲ, ಆದರೆ ಆ ಜಾಗದಲ್ಲಿ ಬೇರೆಯವರು ಇದ್ದಾರೆ, ಅವರ ಮಗಳು ಇದ್ದಾಳೆ, ನಾನು ಹೋಗಿ ಅವಳಿಗೆ ನಿಜ ಹೇಳುತ್ತೇನೆ ಎಂದೆ. ಮಂಜುನಾಥ್ ಮೀಸೆ ತಿರುವಿಕೊಂಡು ಕೂತರು. ಬೇಡ ಎನ್ನಲಿಲ್ಲ.

ಕರುಣಮ್ಮನ ಮನೆ ಅಂಗಳದ ಮೂಲೆಯಲ್ಲೇ, ಒಂದು ಕೋಣೆ, ಮುಂದೆ ತಗಡಿನ ಚಪ್ಪರ. ನನ್ನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ತಾನು ಹೊಸ್ತಿಲ ಮೇಲೆ ಕೂತು ಚಿಕ್ಕುಡುಕಾಯಿ, ಎಂದರೆ ನಮ್ಮ ಅವರೆಕಾಯಿ, ಬಿಡಿಸತೊಡಗಿದಳು. ನಾನೂ ಒಂದು ಹಿಡಿ ತೆಗೆದುಕೊಂಡೆ. ಕೈಗೆ ಕೆಲಸ ಇದ್ದರೆ ತಪ್ಪೊಪ್ಪಿಗೆ ಸುಲಭ. ನನಗೆ ಬರುವ ತೆಲುಗಿನಲ್ಲಿ ಮೊದಲಿನಿಂದ ಹೇಳಿದೆ. ಬ್ಯಾಂಕಿನ ಕೌಂಟರಿನಲ್ಲಿ ಕಲಿತ ತೆಲುಗು ಅದು. ಸಹಿ ಮಾಡಿ, ನಾಳೆ ಬನ್ನಿ, ಆಧಾರ್ ತನ್ನಿ ಎನ್ನಲು ಸಾಕು, ನಾನು ಸುಳ್ಳು ಹೇಳಿದೆ ಎನ್ನಲು ಸಾಲದು. ಸುಳ್ಳಿಗೆ ಅವರು ಹೇಳುವ ಅಬದ್ಧ ಎಂಬ ಒಂದು ಪದ ಹಿಡಿದುಕೊಂಡು ಅದನ್ನೇ ನಾಲ್ಕು ಸಲ ಹೇಳಿದೆ. ಕಪ್ತಾನ ಕಲ್ಲು ಸವರಿ ಸವರಿ ಅಕ್ಷರ ಸವೆದವು ಎಂದು ಹೇಳಿದ್ದೆ ಎಂದಾಗ ಕರುಣಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿ ನಗತೊಡಗಿದಳು. ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆ ಅಕ್ಷರ ಅಳಿಸಿದವಳು ಅಮ್ಮ ಎಂದಳು. ಅಂಗಳದಲ್ಲಿ ಚಪ್ಪಟೆಯಾದ ಕಲ್ಲು ಅದೊಂದೇ. ನಲ್ಲಿ ಹತ್ತಿರ ಇತ್ತು. ಐದು ಮಕ್ಕಳ ಬಟ್ಟೆಯನ್ನೂ ಅಯ್ಯಗಾರ ಮನೆಯ ಬಟ್ಟೆಯನ್ನೂ ಅಮ್ಮ ಮೂವತ್ತು ವರ್ಷ ಆ ದೊರೆಸಾನಿಯ ಮೇಲೆ ಕುಕ್ಕಿ ಕುಕ್ಕಿ ಒಗೆದಳು. ಒಗೆಯುವ ಮುನ್ನ ಕಲ್ಲಿಗೆ ಒಂದು ನಮಸ್ಕಾರ ಮಾಡುತ್ತಿದ್ದಳಂತೆ, ಕೋಪ ಮಾಡಿಕೋಬೇಡ ತಾಯಿ ಎಂದು. ಹೆಸರಿನ ಮೇಲೆ ಮಾತ್ರ ಬಟ್ಟೆ ಬೀಳದ ಹಾಗೆ ನೋಡಿಕೊಂಡಳು. ಓದಲು ಬಾರದಿದ್ದರೂ ಅದು ಹೆಸರು ಎಂಬುದು ಅವಳಿಗೆ ಗೊತ್ತಿತ್ತು.

ನನ್ನ ಇಪ್ಪತ್ತು ನಿಮಿಷದ ಕತೆಯಲ್ಲಿ ಇದರ ಕಾಲುಭಾಗದಷ್ಟು ಜೀವವೂ ಇರಲಿಲ್ಲ. ನಾನು ಕ್ಷಮೆ ಕೇಳಿದೆ. ಕರುಣಮ್ಮ ಕ್ಷಮೆಯ ವಿಷಯಕ್ಕೆ ಹೋಗಲಿಲ್ಲ. ಕಾಯಿಯ ನಾರು ಎಳೆಯುತ್ತ ಯೋಚನೆ ಮಾಡಿ, ನಿಧಾನವಾಗಿ ಕೇಳಿದಳು.

"ಅಯಿತೇ ಆ ಗಂಗವ್ವಕಿ ರಾಯಿ ಅಕ್ಕರ್ಲೇದು ಕದಂಡಿ. ಮಾ ಅಮ್ಮಕಿ ಇಚ್ಚೇಯಂಡಿ."

ಹಾಗಾದರೆ ಆ ಗಂಗವ್ವನಿಗೆ ಕಲ್ಲು ಬೇಕಿಲ್ಲವಲ್ಲ. ನಮ್ಮಮ್ಮನಿಗೆ ಕೊಟ್ಟುಬಿಡಿ.

ಸಮಿತಿಯಲ್ಲಿ ಐದು ಜನಕ್ಕೆ ಹೊಳೆಯದ ಪರಿಹಾರ ಅವರೆಕಾಯಿ ಬಿಡಿಸುವಷ್ಟರಲ್ಲಿ ಹೊಳೆದಿತ್ತು. ಮಂಜುನಾಥರಿಗೆ ಫೋನು ಮಾಡಿದೆ. ಮುಖ್ಯ ಅತಿಥಿಗಳು ವಿಮಾನದ ಟಿಕೆಟ್ ತೆಗೆದಾಗಿದೆ ಎಂದರು. ಅವರನ್ನು ಸಿಂಹಾಚಲದ ಗುಡಿಗೆ ಕರೆದುಕೊಂಡು ಹೋಗೋಣ, ಅಲ್ಲಿ ಅನಾವರಣ ಮಾಡುವ ತೊಂದರೆ ಇಲ್ಲ ಎಂದೆ. ಕೊನೆಗೆ ಅವರೇ ಒಂದು ಸಮಾಧಾನ ಕಂಡುಕೊಂಡರು: ಕಲ್ಲು ಹೇಗೂ ಇಳಕಲ್ಲಿನದು, ತೆಲುಗು ಕೆತ್ತಿದರೂ ಒಳಗೆ ಕನ್ನಡದ್ದೇ.

ಬಳಗದ ಗುಂಪಿಗೆ ನಾನು ಮೊಬೈಲಿನಲ್ಲಿ ಉದ್ದವಾದ ಒಂದು ಸಂದೇಶ ಬರೆದೆ. ಗಂಗವ್ವ ನನ್ನ ಕಲ್ಪನೆ, ಎಲ್ಲರನ್ನೂ ತಪ್ಪು ದಾರಿಗೆ ಎಳೆದದ್ದಕ್ಕೆ ಕ್ಷಮಿಸಿ, ಅಲ್ಲಿರುವುದು ಸುಂದರಮ್ಮ ಎಂದು ಒಂದೊಂದು ವಾಕ್ಯವನ್ನೂ ತೂಗಿ ಬರೆದು ಕಳಿಸಿದೆ. ಉತ್ತರವಾಗಿ ಒಂಬತ್ತು ಕೈಮುಗಿಯುವ ಚಿತ್ರ ಬಂದವು. ಒಬ್ಬರು 'ಸೂಪರ್ ಮೇಡಂ, ಹೀಗೇ ಬರೆಯುತ್ತಿರಿ' ಎಂದರು. ಇನ್ನೊಬ್ಬರು ನನಗೆ ಹುಟ್ಟುಹಬ್ಬದ ಶುಭಾಶಯ ಕೋರಿದರು. ಅವತ್ತು ನನ್ನ ಹುಟ್ಟುಹಬ್ಬ ಅಲ್ಲ. ಮೂರನೆಯವರು ಗಂಗವ್ವನ ವಿಡಿಯೋವನ್ನೇ ಮತ್ತೊಮ್ಮೆ ಗುಂಪಿಗೆ ಹಾಕಿ, ನೋಡದವರು ನೋಡಿ ಎಂದರು. ಸುಳ್ಳಿಗೆ ಕಾಲು ಕೊಡುವುದು ಸುಲಭ, ಆಮೇಲೆ ಅದನ್ನು ಕೂರಿಸುವುದು ನಮ್ಮ ಕೈಯಲ್ಲಿರುವುದಿಲ್ಲ.

ಫೆಬ್ರವರಿಯ ಒಂದು ಭಾನುವಾರ, ಬಳಗ ಮುಖ್ಯ ಅತಿಥಿಗಳೊಂದಿಗೆ ಸಿಂಹಾಚಲದ ಗುಡ್ಡ ಹತ್ತುತ್ತಿದ್ದಾಗ, ನಾವು ನಾಲ್ವರು ಅಂಗಳದಲ್ಲಿದ್ದೆವು. ನಾನು, ನಮ್ಮ ಮನೆಯವರು, ಕರುಣಮ್ಮ, ಅನಕಾಪಲ್ಲಿಯಿಂದ ಬಂದ ಕಲ್ಲುಕುಟಿಗ ಅಪ್ಪಲನಾಯ್ಡು. ಈಗಿನ ಅಯ್ಯಗಾರು ಪ್ರಾರ್ಥನೆ ಮುಗಿಸಿ ಬಂದು ಒಪ್ಪಿಗೆ ಕೊಟ್ಟು ಹೋಗಿದ್ದರು. ಕಲ್ಲನ್ನು ಮಗುಚಲು ಕೈ ಸಾಲದೆ ಒದ್ದಾಡುತ್ತಿದ್ದಾಗ ಗೇಟಿನ ಹೊರಗೆ ಕಾರು ನಿಂತು ಮಂಜುನಾಥ್ ಇಳಿದು ಬಂದರು. ಅತಿಥಿಗಳನ್ನು ಕಾರ್ಯದರ್ಶಿಗೆ ಒಪ್ಪಿಸಿ ಬಂದೆ ಎಂದಷ್ಟೇ ಹೇಳಿ, ರೇಷ್ಮೆ ಅಂಗಿಯ ತೋಳು ಮಡಚಿ ಹಗ್ಗ ಹಿಡಿದರು. ಗಂಗವ್ವ ಮುಖ ಕೆಳಗಾಗಿ ಮಲಗಿದಳು. ನುಣ್ಣಗಿನ ಬೆನ್ನು ಮೇಲೆ ಬಂತು.

ಅಪ್ಪಲನಾಯ್ಡು ಸೀಮೆಸುಣ್ಣದಲ್ಲಿ ಗೆರೆ ಎಳೆದು ಮೇಲೆ ಸುಂದರಮ್ಮ ಎಂದು ತೆಲುಗಿನಲ್ಲಿ ಬರೆದುಕೊಂಡ. ಕೆಳಗೆ ಎಡಕ್ಕೆ ಜನನ, ಬಲಕ್ಕೆ ಮರಣ. ಮರಣದ ತಾರೀಖು ಕರುಣಮ್ಮನ ಬಾಯಲ್ಲೇ ಇತ್ತು, ಹೇಳಿದಳು. ಹುಟ್ಟಿದ್ದು ಯಾವಾಗ ಎಂದು ಅವನು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಯಾವ ವರ್ಷ ಎಂದರೆ ಅದೂ ಗೊತ್ತಿಲ್ಲ. ಒಂದು ಕಡೆ ಬರೆದು ಇನ್ನೊಂದು ಕಡೆ ಬೋಳು ಬಿಟ್ಟರೆ ಕಲ್ಲಿಗೆ ಲಕ್ಷಣ ಬರುವುದಿಲ್ಲ, ಅಂದಾಜಿಗೆ ಏನೋ ಒಂದು ಹಾಕಿಬಿಡಿ, ಯಾರು ಬಂದು ಕೇಳುತ್ತಾರೆ ಎಂದು ಅವನು ನನ್ನತ್ತ ತಿರುಗಿದ. ಹಗ್ಗ ಎಳೆದು ಮೈ ಮಣ್ಣಾಗದೆ ಓದಿದವರ ಹಾಗೆ ಕಾಣುತ್ತಿದ್ದವಳು ನಾನೊಬ್ಬಳೇ. ಕರುಣಮ್ಮನೂ ನನ್ನತ್ತಲೇ ನೋಡಿದಳು. ನಿಜ ಹೇಳುತ್ತೇನೆ, ಒಂದು ತಾರೀಖು ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಒಳ್ಳೆಯ ಹುಣ್ಣಿಮೆಯ ದಿನ, ನಕ್ಷತ್ರ ಸಮೇತ. ನಾನು ತುಟಿ ಕಚ್ಚಿಕೊಂಡು ನನಗೆ ಗೊತ್ತಿಲ್ಲ ಎಂದೆ. ಇಷ್ಟು ವರ್ಷದಲ್ಲಿ ನಾಲ್ಕು ಜನರ ಮುಂದೆ ಆ ಮಾತು ಹೇಳಿದ ನೆನಪು ನನಗಿಲ್ಲ.

ಕರುಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಲ್ಲಿನ ಪಕ್ಕ ಕೂತಳು. ಅಮ್ಮ, ತಾನು ಹುಟ್ಟಿದಾಗ ಬಿಡದೆ ಮಳೆ ಹೊಡೆಯುತ್ತಿತ್ತು, ಸೂಲಗಿತ್ತಿ ಬರಲಾಗದೆ ಅಜ್ಜಿಯೇ ಹೊಕ್ಕುಳ ಬಳ್ಳಿ ಕೊಯ್ದಳು ಎಂದು ಹೇಳುತ್ತಿದ್ದಳು ಎಂದಳು. ಅಷ್ಟು ಮಾತ್ರ ತನಗೆ ಗೊತ್ತು.

"ವಾನಾಕಾಲಂ ಅನಿ ಚೆಕ್ಕಂಡಿ ನಾಯ್ಡುಗಾರು" ಎಂದಳು. ಮಳೆಗಾಲ ಎಂದು ಕೆತ್ತಿ.

ಹಾಗೆಲ್ಲ ಕೆತ್ತುವ ಪದ್ಧತಿ ಇಲ್ಲ ಎಂದು ಅವನು ಗೊಣಗಿದ. ನಮ್ಮ ಮನೆಯವರು ಹೋಗಿ ನಲ್ಲಿಯಿಂದ ಒಂದು ಚೊಂಬು ನೀರು ತಂದು ಅವನ ಪಕ್ಕ ಇಟ್ಟರು. ಅಪ್ಪಲನಾಯ್ಡು ಒಂದು ಗುಟುಕು ಕುಡಿದು, ಉಳಿದ ನೀರು ಚಿಮುಕಿಸಿ ಕಲ್ಲು ಒರೆ‌ಸಿ, ಸೀಮೆಸುಣ್ಣದಿಂದ ಜನನದ ಮುಂದೆ 'ವಾನಾಕಾಲಂ' ಎಂದು ಬರೆದ. ಮರಣದ ತಾರೀಖಿಗಿಂತ ಅದು ಸ್ವಲ್ಪ ಹೆಚ್ಚೇ ಜಾಗ ಹಿಡಿಯಿತು. ಆಮೇಲೆ ಉಳಿ ಇಟ್ಟು ಮೊದಲ ಪೆಟ್ಟು ಹಾಕಿದ.